ಹೊಟ್ಟೆ ತುಂಬಿದರೂ ಮೊಟ್ಟೆ ಇಡದ ಕೋಳಿ

ಹುಂಜ ಎರಡನೆಯ ಸಲ ಕೂಗುವ ಹೊತ್ತಿಗೆ ಅವ್ವ ಸಾಣಿಗೆ ಹಿಡಿದು ಕೂತಿರುತ್ತಾಳೆ. ರೊಟ್ಟಿಗೆ ಜೋಳದ ಹಿಟ್ಟು ಸಾಣಿಸುವ ಸದ್ದು ಕಿವಿಗೆ ಬಿದ್ದದ್ದೇ ತಡ, ಹಿತ್ತಲಿನ ಬುಟ್ಟಿಗಳ ಕೆಳಗೆ ಗದ್ದಲ ಶುರು. ಸಾಣಿಗೆಯಲ್ಲಿ ಉಳಿಯುವ ತರಿ ಮತ್ತು ತೌಡು ತಮ್ಮ ಪಾಲು ಎಂಬುದು ಕೋಳಿಗಳಿಗೆ ಚೆನ್ನಾಗಿ ಗೊತ್ತು. ಅವ್ವ ಬುಟ್ಟಿ ಎತ್ತಿ ಒಂದು ಹಿಡಿ ಚೆಲ್ಲಿದರೆ ಅಂದಿನ ದಿನ ಆರಂಭವಾದಂತೆ.

ಗದಗ ಜಿಲ್ಲೆ ರೋಣ ತಾಲ್ಲೂಕಿನ ಅಸೂಟಿ ಎರೆ ಸೀಮೆಯ ಊರು. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ, ಗೋಧಿ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ. ಈ ಸೀಮೆಯಲ್ಲಿ ಕೋಳಿಗೆಂದು ಯಾರೂ ಪ್ರತ್ಯೇಕ ಮೇವು ಬೆಳೆಯುವುದಿಲ್ಲ. ಕಣದಲ್ಲಿ ಉದುರಿದ ಕಾಳು, ಒಲೆಯ ಮುಂದೆ ಬಿದ್ದ ರೊಟ್ಟಿ ಚೂರು, ತಿಪ್ಪೆಯ ಹುಳು, ಬೇಲಿಯ ಸೊಪ್ಪು ಇಷ್ಟರಲ್ಲೇ ಅದರ ಸಂಸಾರ. ಮನೆಯೊಡತಿಗೆ ಮಾತ್ರ ಅದು ಸಣ್ಣ ಬ್ಯಾಂಕು. ಗಂಡನ ಮುಂದೆ ಕೈಯೊಡ್ಡದೆ ಸಿಗುವ ದುಡ್ಡು ಅದೊಂದೇ. ಈ ಮನೆಯ ಅವ್ವನ ಬಳಿಯೂ ಒಂದು ಹಳೆಯ ಚಹಾಪುಡಿ ಡಬ್ಬಿಯಿದೆ. ಮಗಳ ನೋಟುಬುಕ್ಕು, ಕಂಪಾಸು ಪೆಟ್ಟಿಗೆ, ಮಗನ ಚಪ್ಪಲಿ ಎಲ್ಲವೂ ಆ ಡಬ್ಬಿಯಿಂದಲೇ ಬಂದವು. ಎಷ್ಟು ಮೊಟ್ಟೆ ಆದವು ಎಂಬ ಲೆಕ್ಕವನ್ನು ಅವಳು ಅಡಿಗೆ ಮನೆಯ ಗೋಡೆಯ ಮೇಲೆ ಇದ್ದಿಲ ಗೆರೆ ಎಳೆದು ಇಡುತ್ತಾಳೆ. ಅವಳಿಗೆ ಬರೆಯಲು ಬಾರದು. ಆದರೆ ಲೆಕ್ಕ ತಪ್ಪಿದ್ದು ಯಾರೂ ಕಂಡಿಲ್ಲ.

2023ರ ಬರ ಈ ಲೆಕ್ಕವನ್ನು ಕೆಡಿಸಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮುಂಗಾರು ಕೈಕೊಟ್ಟಿತು, ಹಿಂಗಾರೂ ಅಷ್ಟಕ್ಕಷ್ಟೇ. 2024ರ ಶಿವರಾತ್ರಿ ಬರುವಷ್ಟರಲ್ಲಿ ಮನೆಯ ಜೋಳದ ಚೀಲಗಳು ಅರ್ಧಕ್ಕಿಂತ ಕೆಳಗೆ ಇಳಿದಿದ್ದವು. ಪೇಟೆಯಿಂದ ಕೋಳಿ ಆಹಾರ ತರೋಣವೆಂದರೆ ಅದರ ಬೆಲೆಯೂ ಕಡಿಮೆಯಿರಲಿಲ್ಲ. ಚೀಲದ ಆಹಾರದಲ್ಲಿ ಇರುವುದು ಮುಖ್ಯವಾಗಿ ಗೋವಿನಜೋಳ ಮತ್ತು ಸೋಯಾ ಹಿಂಡಿ. ಸೋಯಾ ಹಿಂಡಿಯ ಬೆಲೆ ಗಗನಕ್ಕೇರಿದ್ದರಿಂದ 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವೇ 12 ಲಕ್ಷ ಟನ್ ಹಿಂಡಿಯನ್ನು ಹೊರದೇಶದಿಂದ ತರಲು ಅನುಮತಿ ಕೊಡಬೇಕಾಯಿತು. ಗೋವಿನಜೋಳಕ್ಕೆ 2023–24ರ ಹೊತ್ತಿಗೆ ಎಥೆನಾಲ್ ಕಾರ್ಖಾನೆಗಳು ಹೊಸ ಗಿರಾಕಿಗಳಾಗಿದ್ದವು. ಕೋಳಿ ಸಾಕಣೆಯ ಖರ್ಚಿನಲ್ಲಿ ನೂರಕ್ಕೆ 60ರಿಂದ 70 ಪಾಲು ಆಹಾರಕ್ಕೇ ಹೋಗುತ್ತದೆ. ದೊಡ್ಡ ಫಾರಮ್ಮಿನವರೇ ತಲೆಯ ಮೇಲೆ ಕೈ ಹೊತ್ತು ಕೂತಿರುವಾಗ ಹಿತ್ತಲಿನ ಹತ್ತು ಕೋಳಿಯ ಪಾಡು ಕೇಳುವವರಾರು?

ಅಪ್ಪ ಒಂದು ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದ. “ಮನಷ್ಯಾರಿಗೇ ಜ್ವಾಳ ಸಾಲವಲ್ದು. ಸಂತಿಗೆ ಒಯ್ದು ಕೋಳಿ ಮಾರಿಬಿಡೂಣು. ಮಳಿ ಆದ ಮ್ಯಾಲ ಮತ್ತ ತಂದ್ರಾತು.”

ಅವ್ವ ಮಾತಾಡಲಿಲ್ಲ. ಮಾರಿದ ಕೋಳಿ ಮತ್ತೆ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆ ದುಡ್ಡು ಬೀಜಕ್ಕೋ ಸಾಲಕ್ಕೋ ಹೋಗುತ್ತದೆ. ಒಂಬತ್ತನೆಯ ತರಗತಿಯಲ್ಲಿದ್ದ ಮಗಳು ತಟ್ಟೆಯಿಂದ ತಲೆಯೆತ್ತದೆ ಕೇಳಿದಳು: “ಯಪ್ಪಾ, ಜ್ವಾಳ ಕಡಿಮಿ ಹಾಕಿ ಬ್ಯಾರೇ ಏನರ ತಿನಸಿದ್ರ? ಒಂದೆರಡು ತಿಂಗಳ ನೋಡೂಣು.”

“ನೋಡು. ಆದ್ರ ಜ್ವಾಳದ ಚೀಲಕ್ಕ ಕೈ ಹಚ್ಚಬ್ಯಾಡ” ಎಂದ ಅಪ್ಪ. ಮಗಳ ಹತ್ತನೆಯ ತರಗತಿ ಎದುರಿಗೇ ಇತ್ತು. ಹೆಣ್ಣುಮಕ್ಕಳ ಬಸ್ಸಿನ ಖರ್ಚನ್ನು 2023ರ ಜೂನ್‌ನಿಂದ ಶಕ್ತಿ ಯೋಜನೆ ನೋಡಿಕೊಂಡಿತ್ತು, ನಿಜ. ಆದರೆ ಪುಸ್ತಕ, ಪರೀಕ್ಷೆಯ ಶುಲ್ಕ, ಆಮೇಲೆ ರೋಣದ ಕಾಲೇಜು ಇವೆಲ್ಲ ಆ ಚಹಾಪುಡಿ ಡಬ್ಬಿಯನ್ನೇ ನಂಬಿಕೊಂಡಿದ್ದವು.

ಮೊದಲ ಪ್ರಯೋಗ ಬಹಳ ಸುಲಭವಾಗಿತ್ತು. ಗಿರಣಿಯಿಂದ ಗೋಧಿ ತೌಡು ಅಗ್ಗಕ್ಕೆ ಸಿಕ್ಕಿತು. ದನದ ಮುಂದೆ ಬಿದ್ದ ಕಣಿಕೆಯ ಪುಡಿ, ಕಡಲೆ ಹೊಟ್ಟು ಇವಕ್ಕಂತೂ ಕಾಸಿಲ್ಲ. ಮಗಳು ಇವೆಲ್ಲವನ್ನೂ ನೀರಿನಲ್ಲಿ ಕಲಸಿ ಉಂಡೆ ಮಾಡಿ ಇಟ್ಟಳು. ಕೋಳಿಗಳು ಮೊದಲು ಮೂಸಿ ನೋಡಿ ಹಿಂದೆ ಸರಿದರೂ ಹಸಿವಿಗೆ ಸೋತು ತಿಂದವು. ಸಂಜೆ ಕೊರಳ ಬುಡದ ಚೀಲ ಮುಟ್ಟಿ ನೋಡಿದರೆ ಗುಂಡಗೆ ತುಂಬಿರುತ್ತಿತ್ತು. ಮಗಳಿಗೆ ಹಿಗ್ಗೋ ಹಿಗ್ಗು. ಎರಡು ವಾರ ಕಳೆಯುವಷ್ಟರಲ್ಲಿ ಗೋಡೆಯ ಇದ್ದಿಲ ಗೆರೆಗಳು ವಿರಳವಾದವು. ಮೂರನೆಯ ವಾರ ಒಂದೂ ಗೆರೆ ಬೀಳಲಿಲ್ಲ.

“ಹೊಟ್ಟಿ ತುಂಬೈತಿ, ತತ್ತಿ ಯಾಕ ಇಡವಲ್ವು?” ಅವ್ವನ ಈ ಪ್ರಶ್ನೆಗೆ ಮಗಳ ಬಳಿ ಉತ್ತರವಿರಲಿಲ್ಲ. ಎತ್ತಿಗೆ ಲಸಿಕೆ ಹಾಕಲು ಬಂದಿದ್ದ ಪಶುವೈದ್ಯರನ್ನು ಹಿತ್ತಲಿಗೆ ಕರೆತಂದದ್ದು ಅವ್ವನೇ.

ವೈದ್ಯರು ಒಂದು ಕೋಳಿಯನ್ನು ಹಿಡಿದು ಎದೆಯ ಎಲುಬನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮಾಂಸ ಇಳಿದು ಎಲುಬು ಚೂಪಾಗಿ ಕೈಗೆ ತಾಗುತ್ತಿತ್ತು. “ನೋಡ್ರಿ ಅಕ್ಕಾರ, ಇದು ಎತ್ತಲ್ರಿ, ಕೋಳಿ” ಎಂದು ಶುರುಮಾಡಿದರು.

ಎತ್ತಿನ ಹೊಟ್ಟೆಯಲ್ಲಿ ನಾಲ್ಕು ಅಂಕಣಗಳಿವೆ. ಅವುಗಳಲ್ಲಿ ಮೊದಲನೆಯದು ದೊಡ್ಡ ಹಗೇವಿನಂಥದು. ಕಣಿಕೆಯ ನಾರು ಅಲ್ಲಿ ಗಂಟೆಗಟ್ಟಲೆ ನೆನೆಯುತ್ತದೆ. ಅಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಅದನ್ನು ಕೊಳೆಸಿ, ಒಡೆದು, ಎತ್ತಿಗೆ ಬೇಕಾದ ಸತ್ವ ಮಾಡಿಕೊಡುತ್ತವೆ. ಮೆಲುಕು ಹಾಕಿ ಮತ್ತೆ ಅಗಿಯಲು ಹಲ್ಲುಗಳಿವೆ. ಕೋಳಿಗೆ ಹಲ್ಲೇ ಇಲ್ಲ. ತಿಂದದ್ದು ಕೊರಳ ಚೀಲದಲ್ಲಿ ನೆನೆದು, ರಸ ಸುರಿಯುವ ಸಣ್ಣ ಹೊಟ್ಟೆಯನ್ನು ದಾಟಿ, ಅರೆಯುವ ಹೊಟ್ಟೆಗೆ ಬರುತ್ತದೆ. ಸಾರಿಗೆಂದು ಕೋಳಿ ಕೊಯ್ದಾಗ ಕಾಣುವ ದಪ್ಪ ಮಾಂಸದ ಗಟ್ಟಿ ಚೀಲ ಅದು; ಸೀಳಿದರೆ ಒಳಗೆ ಹಳದಿ ಪೊರೆ, ಸಣ್ಣ ಸಣ್ಣ ಹರಳು. ಆ ಹರಳುಗಳೇ ಕೋಳಿಯ ಬೀಸುವ ಕಲ್ಲು. ಅಲ್ಲಿಂದ ಮುಂದೆ ಕರುಳು. ನಾರನ್ನು ಕೊಳೆಸುವ ವ್ಯವಸ್ಥೆ ಇರುವುದು ಕರುಳಿನ ಕೊನೆಯ ಎರಡು ಕುರುಡು ಚೀಲಗಳಲ್ಲಿ ಮಾತ್ರ. ಅವೂ ಚಿಕ್ಕವು; ಒರಟು ನಾರಿಗೆ ಅಲ್ಲಿ ಪ್ರವೇಶವೇ ಇಲ್ಲ. ಹೀಗಾಗಿ ಬಹುಪಾಲು ನಾರು ಬಂದ ಹಾಗೆಯೇ ಹೊರಗೆ ಹೋಗುತ್ತದೆ.

ಬಿಳಿಜೋಳದಲ್ಲಿ ನಾರಿನ ಪಾಲು ನೂರಕ್ಕೆ 2–3. ಗೋಧಿ ತೌಡಿನಲ್ಲಿ ಸುಮಾರು 10. ಜೋಳದ ಕಣಿಕೆಯಲ್ಲಿ 30ಕ್ಕೂ ಹೆಚ್ಚು. ಕೋಳಿ ಆಹಾರ ತಯಾರಿಸುವವರು ನಾರು ಸಾಮಾನ್ಯವಾಗಿ 7–8ನ್ನು ಮೀರದಂತೆ ನೋಡಿಕೊಳ್ಳುತ್ತಾರೆ. ಮಗಳ ಉಂಡೆಯಲ್ಲಿ ಅದು ಎಷ್ಟಿತ್ತೋ! ಕೋಳಿಯ ಚೀಲ ತುಂಬಿತ್ತು, ನಿಜ. ಆದರೆ ಅದರಲ್ಲಿ ಸತ್ವಕ್ಕೆ ಜಾಗವೇ ಉಳಿದಿರಲಿಲ್ಲ. ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡವನ ಕಥೆಯಂತೆ.

“ಮೊದಲು ಸೊರಗಿದ್ದು ಯಾವು?” ಎಂದು ವೈದ್ಯರು ಕೇಳಿದರು. ಗುಂಪಿನಲ್ಲಿ ಗಿರಿರಾಜ ತಳಿಯ ಮೂರು ಹೇಟೆಗಳಿದ್ದವು. ಮೊದಲು ಸೊರಗಿದ್ದು ಅವೇ. ಇದೂ ಸಹಜವೇ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ರೂಪುಗೊಂಡು 1989ರಲ್ಲಿ ರೈತರ ಕೈಸೇರಿದ ಗಿರಿರಾಜ ಹಿತ್ತಲಿಗೆಂದೇ ಮಾಡಿದ ತಳಿ. ಆದರೂ ಮೈ ದೊಡ್ಡದು, ಮೊಟ್ಟೆಯೂ ನಾಟಿಗಿಂತ ಹೆಚ್ಚು. ದುಡಿಮೆ ಹೆಚ್ಚಿದ್ದವನಿಗೆ ಊಟವೂ ಹೆಚ್ಚು ಬೇಕಲ್ಲ! ವರ್ಷಕ್ಕೆ 60–80 ಮೊಟ್ಟೆ ಇಡುವ ನಾಟಿ ಕೋಳಿ ಬೇಲಿ ಸುತ್ತಿ, ತಿಪ್ಪೆ ಕೆದರಿ ಹೇಗೋ ಸಂಭಾಳಿಸಿಕೊಳ್ಳುತ್ತದೆ. ವರ್ಷಕ್ಕೆ 300ಕ್ಕೂ ಮಿಕ್ಕಿ ಇಡುವ ಫಾರಂ ಕೋಳಿಯ ಆಹಾರದಲ್ಲಿ ಸ್ವಲ್ಪ ಏರುಪೇರಾದರೂ ಮರುವಾರವೇ ಮೊಟ್ಟೆಯ ಬುಟ್ಟಿಯಲ್ಲಿ ಗೊತ್ತಾಗುತ್ತದೆ.

ಮಗಳಿಗೆ ಅಳು ಬಂದಿತ್ತು. “ಹಂಗಾರ ತೌಡು ಹಾಕೂದ ಬ್ಯಾಡೇನ್ರಿ ಸರ್?” ವೈದ್ಯರು ನಕ್ಕರು. ತೌಡಿನ ಮೇಲೆ ತಪ್ಪು ಹೊರಿಸುವಂತಿಲ್ಲ ಎಂದು ಹೇಳಲು ಅವರು ದೂರದ ಜಾವಾ ದ್ವೀಪದ ಕಥೆಯೊಂದನ್ನು ಹೇಳಿದರು. ಕೋಳಿ ಸಾಕುವವರಷ್ಟೇ ಅಲ್ಲ, ಅನ್ನ ಉಣ್ಣುವವರೆಲ್ಲ ತಿಳಿದಿರಬೇಕಾದ ಕಥೆಯದು.

ಡಚ್ಚರ ಆಳ್ವಿಕೆಯಲ್ಲಿದ್ದ ಜಾವಾದಲ್ಲಿ ಬೆರಿಬೆರಿ ಎಂಬ ರೋಗ ಸೈನಿಕರನ್ನೂ ಕೈದಿಗಳನ್ನೂ ಕಾಡುತ್ತಿತ್ತು. ಕೈಕಾಲು ಸೋತು, ಎದೆ ನಿಂತು ಜನ ಸಾಯುತ್ತಿದ್ದರು. ಯಾವುದೋ ರೋಗಾಣುವಿನ ಕೆಲಸವೆಂದು ನಂಬಿ, ಅದನ್ನು ಹುಡುಕಲು 1886ರಲ್ಲಿ ಬಂದವರಲ್ಲಿ ಕ್ರಿಸ್ಟಿಯಾನ್ ಐಕ್ಮನ್ ಒಬ್ಬ ವೈದ್ಯ. ಬಟಾವಿಯಾದ ಆಸ್ಪತ್ರೆಯ ಅಂಗಳದಲ್ಲಿ ಅವನ ಪ್ರಯೋಗದ ಕೋಳಿಗಳಿದ್ದವು. 1889ರಲ್ಲಿ ಆ ಕೋಳಿಗಳೂ ಕಾಲು ಸೋತು ಬೀಳತೊಡಗಿದವು. ಕೆಲವು ತಿಂಗಳಾದ ಮೇಲೆ ತಾವಾಗಿಯೇ ಗುಣವಾದವು. ಏಕೆಂದು ಹುಡುಕಿದಾಗ ಗೊತ್ತಾದದ್ದಿಷ್ಟು: ಆಸ್ಪತ್ರೆಯ ಅಡಿಗೆ ಮನೆಯಲ್ಲಿ ಮಿಕ್ಕ ಬಿಳಿ ಅನ್ನವನ್ನು ಕೋಳಿಗಳಿಗೆ ಹಾಕಲಾಗುತ್ತಿತ್ತು. ಹೊಸ ಅಡಿಗೆಯವನು ಬಂದು, ಸೈನ್ಯದ ಅಕ್ಕಿಯನ್ನು ಸೈನ್ಯದ್ದಲ್ಲದ ಕೋಳಿಗಳಿಗೆ ಕೊಡಲಾರೆ ಎಂದುಬಿಟ್ಟ. ಅಂದಿನಿಂದ ಕೋಳಿಗಳಿಗೆ ತೌಡು ತೆಗೆಯದ ಒರಟು ಅಕ್ಕಿ ಸಿಕ್ಕಿತು. ಅವು ಎದ್ದು ನಿಂತವು! ಬಿಳಿ ಅನ್ನಕ್ಕೆ ತೌಡು ಬೆರೆಸಿದರೂ ಗುಣ ಕಾಣುತ್ತಿತ್ತು. ತೌಡಿನಲ್ಲಿ ಜೀವಕ್ಕೆ ಬೇಕಾದ ಏನೋ ಒಂದು ಅಂಶವಿದೆ, ಬಿಳಿ ಅಕ್ಕಿಯಲ್ಲಿ ಅದರ ಕೊರತೆಯೇ ರೋಗ ಎಂದು 1901ರಲ್ಲಿ ಬಿಡಿಸಿ ಹೇಳಿದವನು ಐಕ್ಮನ್‌ನ ನಂತರ ಬಂದ ಗೆರಿಟ್ ಗ್ರೈನ್ಸ್. 1926ರಲ್ಲಿ ಅದೇ ಜಾವಾದಲ್ಲಿ ಆ ಅಂಶವನ್ನು ತೌಡಿನಿಂದ ಬೇರ್ಪಡಿಸಿದರು. ಇಂದು ಶಾಲೆಯ ಮಕ್ಕಳು ವಿಟಮಿನ್ ಬಿ-1 ಎಂದು ಬಾಯಿಪಾಠ ಮಾಡುವುದು ಅದನ್ನೇ. ಐಕ್ಮನ್‌ಗೆ 1929ರಲ್ಲಿ ನೊಬೆಲ್ ಪಾರಿತೋಷಕ ಬಂತು.

“ತೌಡು ತಗದ್ರ ಕಾಲ ಹೋದ್ವು. ತೌಡನ್ನs ಹಾಕಿದ್ರ ತತ್ತಿ ಹೋದ್ವು. ಎಲ್ಲಾದಕ್ಕೂ ಒಂದು ಪ್ರಮಾಣ ಐತಿ ತಂಗಿ” ಎಂದರು ವೈದ್ಯರು. ಹತ್ತು ಪಾಲು ಆಹಾರದಲ್ಲಿ ಒಂದು, ಒಂದೂವರೆ ಪಾಲು ತೌಡಿದ್ದರೆ ಒಳ್ಳೆಯದೇ. ಸ್ವಲ್ಪ ಒರಟು ನಾರು ಅರೆಯುವ ಹೊಟ್ಟೆಯ ಸ್ನಾಯುವನ್ನು ಗಟ್ಟಿಮಾಡುತ್ತದೆ. ಕೊಕ್ಕಿಗೂ ಕೆಲಸ ಕೊಡುತ್ತದೆ. ಕೆದರಲು, ಕುಕ್ಕಲು ಏನೂ ಇಲ್ಲದ ಕೋಳಿಗಳು ಒಂದರ ಗರಿ ಇನ್ನೊಂದು ಕೀಳತೊಡಗುತ್ತವೆ. ಆದರೆ ತೌಡು ತಾಜಾ ಇರಬೇಕು. ತೌಡಿನಲ್ಲಿ, ಅದರಲ್ಲೂ ಅಕ್ಕಿ ತೌಡಿನಲ್ಲಿ, ಎಣ್ಣೆಯಂಶವಿರುವುದರಿಂದ ಬೇಸಿಗೆಯಲ್ಲಿ ಬೇಗ ಕಮಟುತ್ತದೆ. ಮುಗ್ಗಿದ ಹಿಂಡಿ, ಮುಗ್ಗಿದ ಕಾಳಂತೂ ವಿಷವೇ ಸರಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿಯಿಂದ. ಅಫ್ಲಾಟಾಕ್ಸಿನ್ ಎಂಬ ವಿಷ ವಿಜ್ಞಾನಿಗಳ ಕಣ್ಣಿಗೆ ಬಿದ್ದದ್ದು ಆ ದುರಂತದಿಂದಲೇ.

ಎರಡನೆಯ ಪ್ರಯೋಗಕ್ಕೆ ದಾರಿ ತೋರಿಸಿದ್ದು ಶಿವರಾತ್ರಿ. ಉಪವಾಸಕ್ಕೆಂದು ಮನೆಮನೆಗೆ ಗೆಣಸು ಬಂದಿತ್ತು. ಉತ್ತರ ಕರ್ನಾಟಕದ ಸಂತೆಗಳಲ್ಲಿ ಶಿವರಾತ್ರಿಯ ಮುಂದೆ ಗೆಣಸಿನ ರಾಶಿ ಬೀಳುತ್ತದೆ. ಹೆಚ್ಚಿನದು ಬೆಳಗಾವಿ ಕಡೆಯ ಮಾಲು. ಹಬ್ಬ ಮುಗಿದ ಮೇಲೆ ತುಂಡಾದ, ಸಣ್ಣಗಾದ, ಗಿರಾಕಿ ಮುಟ್ಟದ ಗೆಣಸು ಮೂಲೆಗೆ ಬೀಳುತ್ತದೆ. ಅಪ್ಪನೇ ಒಂದು ಚೀಲ ಅಂಥ ಗೆಣಸನ್ನು ಅಗ್ಗಕ್ಕೆ ತಂದು ಅಂಗಳದಲ್ಲಿ ಸುರಿದ. “ತಗೋ, ಇದನ್ನೂ ತಿನಸಿ ನೋಡು” ಎಂದ. ಅಪ್ಪನ ಮನಸ್ಸು ಮೆತ್ತಗಾಗಿದ್ದನ್ನು ಅವ್ವ ಗಮನಿಸಿದಳು, ಬಾಯಿಬಿಟ್ಟು ಹೇಳಲಿಲ್ಲ.

ಗೆಣಸು ನೋಡಲು ದಪ್ಪ. ಆದರೆ ಹಸಿ ಗೆಣಸಿನಲ್ಲಿ ನೂರಕ್ಕೆ 70 ಪಾಲು ನೀರು. ಮೂರು ಕಿಲೋ ಹಸಿ ಗೆಣಸನ್ನು ಒಣಗಿಸಿದರೆ ಒಂದು ಕಿಲೋವೂ ಪೂರ್ತಿ ದಕ್ಕುವುದಿಲ್ಲ. ಐವತ್ತು ಗ್ರಾಂ ಜೋಳದ ಬದಲಿಗೆ ಕೋಳಿ ಸುಮಾರು ನೂರೈವತ್ತು ಗ್ರಾಂ ಹಸಿ ಗೆಣಸು ತಿನ್ನಬೇಕು. ಇನ್ನೊಂದು ತೊಡಕು, ಪ್ರೋಟೀನು. ನೂರು ಗ್ರಾಂ ಜೋಳದಲ್ಲಿ ಅದು ಸುಮಾರು 10 ಗ್ರಾಂ. ಪೂರ್ತಿ ಒಣಗಿಸಿದ ಗೆಣಸಿನಲ್ಲೂ 5 ಗ್ರಾಮಿಗಿಂತ ಹೆಚ್ಚಿರುವುದು ವಿರಳ. ಒಂದು ನಾಟಿ ಮೊಟ್ಟೆಯೊಳಗೇ ಸುಮಾರು 5 ಗ್ರಾಂ ಪ್ರೋಟೀನು ಇರುತ್ತದೆ. ಕೋಳಿ ಅದನ್ನು ಎಲ್ಲಿಂದ ತರಬೇಕು? ಮಗಳು ತನ್ನ ಗಣಿತದ ಪುಸ್ತಕದ ಕೊನೆಯ ಹಾಳೆಯಲ್ಲಿ ಈ ಲೆಕ್ಕ ಹಾಕಿದಳು. ಶೇಕಡಾವಾರು ಲೆಕ್ಕ ಪರೀಕ್ಷೆಗಷ್ಟೇ ಅಲ್ಲ ಎಂಬುದು ಅವಳಿಗೆ ಮೊದಲ ಸಲ ಹೊಳೆದದ್ದು ಆ ರಾತ್ರಿ.

ಗೆಣಸು ಕಸುವು ಕೊಡುತ್ತದೆ, ಜೋಳದ ಪಿಷ್ಟದ ಪಾಲನ್ನು ಒಂದಿಷ್ಟು ಹೊರುತ್ತದೆ. ಆದರೆ ಮೊಟ್ಟೆಯ ಪ್ರೋಟೀನನ್ನು ಬೇರೆಡೆಯಿಂದ ಹೊಂದಿಸಬೇಕು. ಹಸಿ ಗೆಣಸಿನಲ್ಲಿ ಪ್ರೋಟೀನು ಜೀರ್ಣವಾಗುವುದನ್ನು ತಡೆಯುವ ಒಂದು ಅಂಶವೂ ಇದೆ. ಬೇಯಿಸಿದರೆ ಅದು ನಾಶವಾಗುತ್ತದೆ. ಅವ್ವನಿಗೆ ಇಷ್ಟು ಸಾಕಾಗಿತ್ತು. ಗೆಣಸನ್ನು ತೆಳ್ಳಗೆ ಹೆಚ್ಚಿ ಮಾಳಿಗೆಯ ಮೇಲೆ ಹರವಿದಳು. ಎರೆ ಸೀಮೆಯ ಬೇಸಿಗೆಯ ಬಿಸಿಲಿಗೆ ಅವು ಕೆಲವೇ ದಿನಗಳಲ್ಲಿ ಹಪ್ಪಳದಂತೆ ಸದ್ದು ಮಾಡತೊಡಗಿದವು. ಡಬ್ಬಿಯಲ್ಲಿ ತುಂಬಿಟ್ಟು, ಬೇಕಾದಾಗ ಕುಟ್ಟಿ, ಜೋಳದ ನುಚ್ಚಿನ ಜೊತೆ ಒಂದು ಕುದಿ ಕುದಿಸಿ ಆರಿಸಿ ಹಾಕಿದಳು. ಹತ್ತರಲ್ಲಿ ಎರಡು ಪಾಲು ಗೆಣಸು, ಅದಕ್ಕಿಂತ ಹೆಚ್ಚಿಲ್ಲ. ಕಪ್ಪಾಗಿ ಬೂಷ್ಟು ಹಿಡಿದ ತುಂಡುಗಳನ್ನು ಎತ್ತಿ ತಿಪ್ಪೆಗೂ ಹಾಕಲಿಲ್ಲ, ಕೋಳಿ ಅಲ್ಲಿಗೂ ಹೋಗುತ್ತದಲ್ಲ; ಮಣ್ಣಿನಲ್ಲಿ ಹೂಳಿದಳು.

ಗೆಡ್ಡೆ ಗೆಣಸೆಂದರೆ ಎಲ್ಲವೂ ಒಂದೇ ಅಲ್ಲ. ಕೇರಳದವರ ಮರಗೆಣಸು ಇಲ್ಲಿ ಬೆಳೆಯದಿದ್ದರೂ ಅದರ ಹಿಟ್ಟು ಸಾಬುದಾಣಿಯ ರೂಪದಲ್ಲಿ ಉಪವಾಸದ ತಟ್ಟೆಗೆ ಬರುತ್ತದೆ. ತಮಿಳುನಾಡಿನ ಸೇಲಂ ಅದಕ್ಕೆ ಹೆಸರುವಾಸಿ. 1963ರಲ್ಲಿ ತಿರುವನಂತಪುರದಲ್ಲಿ ಗೆಡ್ಡೆ ಬೆಳೆಗಳಿಗೆಂದೇ ಕೇಂದ್ರೀಯ ಸಂಶೋಧನಾ ಸಂಸ್ಥೆ ಹುಟ್ಟಿಕೊಂಡಿತು. ಮರಗೆಣಸಿನಲ್ಲಿ, ಅದರ ಸಿಪ್ಪೆಯಲ್ಲಂತೂ ಹೆಚ್ಚಾಗಿ, ಸಯನೈಡ್ ಬಿಡುವ ಅಂಶವಿದೆ. ಹೆಚ್ಚಿ ಬಿಸಿಲಿಗೆ ಒಣಗಿಸಿದರೆ ಬಹಳಷ್ಟು ಹೋಗುತ್ತದೆ. ಹಸಿಯಾಗಿ ಕೋಳಿಗೆ ಹಾಕುವುದು ಅಪಾಯ. ಬಿಸಿಲಿಗೆ ಹಸಿರಾದ, ಮೊಳಕೆಯೊಡೆದ ಬಟಾಟೆಯಲ್ಲಿ ಇನ್ನೊಂದು ಬಗೆಯ ವಿಷ.

ಉಳ್ಳಾಗಡ್ಡಿಯ ಪಾಠವನ್ನು ಈ ಮನೆ ಕಷ್ಟಪಟ್ಟೇ ಕಲಿಯಿತು. ಹೆಸರಿನಲ್ಲೇ ‘ಗಡ್ಡಿ’ ಇದೆ, ಓಣಿಯ ಮೂಲೆಯಲ್ಲಿ ಮಾರಾಟವಾಗದ ಗುಡ್ಡೆಯೂ ಇತ್ತು. ನಾಲ್ಕನೆಯ ತರಗತಿಯ ತಮ್ಮ ಅಕ್ಕನಿಗೆ ನೆರವಾಗಲೆಂದು ಬುಟ್ಟಿ ತುಂಬ ಕೊಳೆತ ಉಳ್ಳಾಗಡ್ಡಿ ತಂದು ಸುರಿದ. ಎರಡು ಮೂರು ದಿನ ಯಾರೂ ಗಮನಿಸಲಿಲ್ಲ. ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದ ಮೊಟ್ಟೆಯಲ್ಲಿ ವಾಸನೆ ಬಂತು. ಒಂದು ಹೇಟೆಯ ಜುಟ್ಟು ಬಿಳಿಚಿಕೊಂಡು ಮೂಲೆ ಹಿಡಿಯಿತು. ಫೋನಿನಲ್ಲಿ ಕೇಳಿದಾಗ ವೈದ್ಯರು, ಉಳ್ಳಾಗಡ್ಡಿ ಹೆಚ್ಚಾದರೆ ರಕ್ತದ ಕೆಂಪು ಕಣಗಳಿಗೇ ಪೆಟ್ಟು, ಕೂಡಲೇ ನಿಲ್ಲಿಸಿರಿ ಎಂದರು. ನಿಲ್ಲಿಸಿದರೂ ಆ ಹೇಟೆ ಉಳಿಯಲಿಲ್ಲ. ಕಾರಣ ಅದೇ ಹೌದೋ ಅಲ್ಲವೋ, ಹುಡುಗ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. “ನಿನ್ನ ಮನಸ್ಸು ಚಲೋ ಇತ್ತು, ಕೂಸಾ. ಕೇಳಿ ಹಾಕಬೇಕಿತ್ತು ಅಷ್ಟ” ಎಂದು ಅವ್ವ ಅವನ ತಲೆ ಸವರಿದಳು.

ಪ್ರೋಟೀನಿನ ಹುಡುಕಾಟ ಅವರನ್ನು ಮನೆಯ ಸುತ್ತಲೇ ತಿರುಗಿಸಿತು. ಗಾಣದಿಂದ ಸೂರ್ಯಕಾಂತಿ ಹಿಂಡಿ ತಂದರು. ಸಿಪ್ಪೆ ಸಮೇತ ಹಿಂಡಿದ್ದರಿಂದ ಅದರಲ್ಲಿಯೂ ನಾರು ಹೆಚ್ಚು; ಜರಡಿ ಹಿಡಿದು ಒರಟು ಸಿಪ್ಪೆಯನ್ನು ಎತ್ತಿಗೆ, ಪುಡಿಯನ್ನು ಕೋಳಿಗೆ ಹಂಚಿದರು. ಒಡೆದ ಮಡಕೆಯಲ್ಲಿ ಸಗಣಿ, ಕಣಿಕೆ ಚೂರು ತುಂಬಿ ನೀರು ಚಿಮುಕಿಸಿ ಹೊಲದ ಬದುವಿನಲ್ಲಿ ಬೋರಲು ಹಾಕಿದರೆ ಗೆದ್ದಲು ತಾನಾಗಿ ಬಂದು ಸೇರುತ್ತದೆ. ಆಫ್ರಿಕದ ಹಳ್ಳಿಗಳಲ್ಲಿಯೂ ಈ ಉಪಾಯವಿದೆ. ಮಡಕೆ ಎತ್ತಿ ಅಂಗಳದಲ್ಲಿ ಕೊಡವಿದಾಗ ಕೋಳಿಗಳು ಮುಗಿಬೀಳುವುದನ್ನು ನೋಡಲು ಓಣಿಯ ಹುಡುಗರೆಲ್ಲ ಬರುತ್ತಿದ್ದರು. ಕೋಳಿ ಮುಟ್ಟದ ಕಣಿಕೆಯ ನಾರು ಹೀಗೆ ಗೆದ್ದಲಿನ ಹೊಟ್ಟೆಯ ಮೂಲಕ ಕೋಳಿಗೆ ದಕ್ಕಿತು!

ಮೊಟ್ಟೆಯ ಒಂದು ಚಿಪ್ಪಿಗೆ ಸುಮಾರು ಎರಡು ಗ್ರಾಂ ಕ್ಯಾಲ್ಸಿಯಂ ಬೇಕು. ಆಹಾರದಲ್ಲಿ ಸಿಗದಿದ್ದರೆ ಕೋಳಿ ತನ್ನ ಎಲುಬಿನಿಂದಲೇ ಕರಗಿಸಿ ಕೊಡುತ್ತದೆ. ತಾಯಿಯ ಜಾತಿಯೇ ಹಾಗೆ. ಅವ್ವ ಒಡೆದ ಚಿಪ್ಪುಗಳನ್ನು ಹೆಂಚಿನ ಮೇಲೆ ಬಿಸಿಮಾಡಿ ಪುಡಿಮಾಡಿ ಹಾಕತೊಡಗಿದಳು. ಹಳದಿ ಭಾಗ ಬಿಳಿಚಿಕೊಂಡಿದೆಯೆಂದು ಮಗಳು ಗಜ್ಜರಿ ತುರಿದು ಹಾಕಿದ್ದೂ ಆಯಿತು. ಬಣ್ಣ ಅಷ್ಟೇನೂ ಏರಲಿಲ್ಲ. ಗಜ್ಜರಿಯ ಕೆಂಪು ಕೋಳಿಯ ದೇಹದಲ್ಲಿ ವಿಟಮಿನ್ ಎ ಆಗುತ್ತದೆ. ಮೊಟ್ಟೆಗೆ ಹಳದಿ ತುಂಬುವುದು ಹಸಿರು ಸೊಪ್ಪಿನಲ್ಲಿ ಅಡಗಿರುವ ಬೇರೊಂದು ಬಣ್ಣ. ಬಿಳಿಜೋಳದಲ್ಲಿ ಆ ಬಣ್ಣ ಇಲ್ಲವೆನ್ನುವಷ್ಟು ಕಡಿಮೆ. ನುಗ್ಗೆ ಸೊಪ್ಪು, ಮೂಲಂಗಿಯ ಎಲೆ, ಮೆಂತ್ಯದ ಕಡ್ಡಿ ಕಟ್ಟಿ ತೂಗುಹಾಕಿದ ಮೇಲೆ ಹಳದಿಗೆ ಹಳದಿ ಬಂತು.

ಬೇಸಿಗೆ ಕಳೆಯಿತು. ಮಳೆ ಬಂತು. 2024ರ ಮುಂಗಾರಿನ ಹೊತ್ತಿಗೆ ಗೋಡೆಯ ಮೇಲೆ ಗೆರೆಗಳು ಮತ್ತೆ ಕಾಣಿಸಿಕೊಂಡವು. ಪವಾಡವೇನೂ ನಡೆಯಲಿಲ್ಲ. ಮೊದಲಿನಷ್ಟು ಮೊಟ್ಟೆ ಬರಲು ಇನ್ನೂ ಕೆಲವು ತಿಂಗಳು ಹಿಡಿಯಿತು. ಗೆಣಸು ಹೆಚ್ಚಿದ ಕೂಲಿ, ಬೇಯಿಸಿದ ಕಟ್ಟಿಗೆ ಲೆಕ್ಕ ಹಿಡಿದರೆ ಲಾಭವೆಷ್ಟು ಎಂದು ಅಪ್ಪ ಇಂದಿಗೂ ಚುಡಾಯಿಸುತ್ತಾನೆ. ಜೋಳ ಪೂರ್ತಿ ತಪ್ಪಲಿಲ್ಲ, ಸುಮಾರು ಅರ್ಧಕ್ಕೆ ಇಳಿಯಿತು ಅಷ್ಟೇ. ಆದರೆ ಕೋಳಿ ಸಂತೆಗೆ ಹೋಗಲಿಲ್ಲ. ಪರೀಕ್ಷೆಯ ಶುಲ್ಕ ಚಹಾಪುಡಿ ಡಬ್ಬಿಯಿಂದಲೇ ಹೋಯಿತು.

‘ಮಾತು ಬಲ್ಲವನಿಗೆ ಜಗಳವಿಲ್ಲ, ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಮಕ್ಕಳು ಶಾಲೆಯಲ್ಲಿ ವಿಸ್ತರಿಸಿ ಬರೆಯುತ್ತಾರೆ. ಹೊಟ್ಟೆ ತುಂಬಿಸುವುದಕ್ಕೂ ಉಣಿಸುವುದಕ್ಕೂ ಇರುವ ಅಂತರ ಈ ಮನೆಗೆ ತಿಳಿದದ್ದು ಹಿತ್ತಲಿನಲ್ಲಿ. ಒಂದು ಸಂಜೆ ತಮ್ಮ ಅಂಗಡಿಯಿಂದ ಐದು ರೂಪಾಯಿಯ ಕುರುಕಲು ಪೊಟ್ಟಣ ತಂದು ತಿಂದು, ರಾತ್ರಿ ಊಟ ಬೇಡವೆಂದು ಮುಖ ತಿರುಗಿಸಿದಾಗ ಅವ್ವ ಗದರಲಿಲ್ಲ. “ಏನಪಾ, ಕಣಿಕಿ ಪುಡಿ ತಿಂದ ಕೋಳಿ ಆದಿ?” ಎಂದಳಷ್ಟೇ. ಹುಡುಗ ನಕ್ಕು ತಟ್ಟೆಯ ಮುಂದೆ ಕೂತ. ಅವನಿಗೆ ಆ ದಿನದ ಮೊಟ್ಟೆಗಳಲ್ಲಿ ಒಂದನ್ನು ಮಾರದೆ ಉಳಿಸಿ ಬೇಯಿಸಿದ್ದಳು.

ಮಗಳು ಹತ್ತನೆಯ ತರಗತಿ ಮುಗಿಸಿ 2025ರಿಂದ ರೋಣಕ್ಕೆ ಕಾಲೇಜಿಗೆ ಹೋಗುತ್ತಿದ್ದಾಳೆ. ಹಿಂದಿನ ಹಾಳೆಯಲ್ಲಿ ಕೋಳಿಯ ಲೆಕ್ಕವಿದ್ದ ಆ ಗಣಿತದ ಪುಸ್ತಕ ಅಡಿಗೆ ಮನೆಯ ಗೂಡಿನಲ್ಲಿ, ಉಪ್ಪಿನ ಡಬ್ಬಿಯ ಪಕ್ಕದಲ್ಲಿದೆ. ಅವ್ವನಿಗೆ ಅದನ್ನು ಓದಲು ಬಾರದು. ಆದರೂ ನೆರೆಮನೆಯವರು ಯಾರಾದರೂ ಕೋಳಿಗೆ ತೌಡೆಷ್ಟು, ಗೆಣಸೆಷ್ಟು ಎಂದು ಕೇಳಿ ಬಂದರೆ ಮೊದಲು ಆ ಪುಸ್ತಕ ತೆಗೆದು ಮುಂದಿಡುತ್ತಾಳೆ. ಆಮೇಲೆ ಗೋಡೆಯತ್ತ ಕೈ ತೋರಿಸಿ, ಖಾಲಿ ಉಳಿದ ಆ ಮೂರು ವಾರಗಳ ಜಾಗವನ್ನು ಬೆರಳಿನಿಂದ ಮುಟ್ಟಿ ಹೇಳುತ್ತಾಳೆ: “ಇಲ್ಲಿ ನಾವು ಬರೇ ಹೊಟ್ಟಿ ತುಂಬಿಸಿದ್ವಿ ನೋಡ್ರಿ.”